ಮಾತು ಕಲಿಸಬೇಡಿ, ಅಕ್ಕೋರೇ

ನಾನು ಶಾಲೆಯಲ್ಲಿ ಕಲಿಸಿದವಳಲ್ಲ. ಮನೆ ಮನೆಗೆ ಹೋಗಿ ಕಲಿಸಿದವಳು. ಕುಮಟೆಯ ಕೆಲವು ಹೆಂಗಸರು ಸೇರಿ ಕಟ್ಟಿಕೊಂಡಿದ್ದ ಒಂದು ಸಂಘ ನನ್ನನ್ನು ಈ ಕೆಲಸಕ್ಕೆ ಇಟ್ಟುಕೊಂಡಿತ್ತು. ಶಾಲೆಗೆ ಹೋಗುವ ವಯಸ್ಸಾಗದ ಮಕ್ಕಳಿರುವ ಮನೆಗಳಿಗೆ ಹೋಗಬೇಕು. ಮಕ್ಕಳ ಜೊತೆ ಆಡಬೇಕು, ಹಾಡಿಸಬೇಕು, ಮಾತಾಡಿಸಬೇಕು. ಪಕ್ಕದಲ್ಲಿ ಕೂತ ತಾಯಿಗೆ ಮಗುವಿನ ಹೊಟ್ಟೆ, ಕಣ್ಣು, ಹಲ್ಲುಗಳ ಬಗ್ಗೆ ನಾಲ್ಕು ಮಾತು ಹೇಳಬೇಕು. ಆಕೆ ಒಪ್ಪಿದರೆ ಅಕ್ಷರವನ್ನೂ ತೋರಿಸಬೇಕು. ಧಾರವಾಡದಲ್ಲಿ ಒಂದು ವರ್ಷ ತರಬೇತಿ ಮುಗಿಸಿ ಬಂದಿದ್ದೆ. ನಮ್ಮ ಕಡೆ ಟೀಚರಮ್ಮನಿಗೆ ಅಕ್ಕೋರು ಅನ್ನುತ್ತಾರೆ. ನಾನು ಎಲ್ಲರಿಗೂ ‘ಮನೆ ಅಕ್ಕೋರು’ ಆದೆ.

ಕೆಲಸ ಇಷ್ಟವಿತ್ತು, ಆದರೆ ಹೆದರುತ್ತಲೇ ಮಾಡಿದೆ. ಹೊನ್ನಾವರದಲ್ಲಿ ಶರಾವತಿ ದಾಟುವಾಗ ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ ಕೂರುತ್ತಿದ್ದೆ. ಹೊಳನಗದ್ದೆಯ ನಾಯಿಗಳಿಗೆ ಹೆದರಿ ಗದ್ದೆಯ ಅಂಚಿನಲ್ಲಿ ಸುತ್ತು ಹಾಕಿ ಹೋಗುತ್ತಿದ್ದೆ. ಎಲ್ಲಕ್ಕಿಂತ ಹೆಚ್ಚು ಹೆದರುತ್ತಿದ್ದದ್ದು ಜಗಲಿಯ ಮೇಲೆ ಕೂತ ಗಂಡಸರಿಗೆ. “ಹಾಲು ಕುಡಿಯೋ ಮಕ್ಕಳಿಗೆ ಎಂತಾ ಶಾಲೆ?” ಎಂದು ಅವರು ಕೇಳಿದರೆ ನನ್ನ ಧಾರವಾಡದ ಪಾಠವೆಲ್ಲ ಮರೆತುಹೋಗುತ್ತಿತ್ತು. ಒಳಗೆ ಹೆಂಗಸರ ನಡುವೆ ಹೋದಮೇಲೆ ಮಾತ್ರ ಉಸಿರು ಬರುತ್ತಿತ್ತು. ಭಟ್ಕಳದ ಒಂದು ನವಾಯತ ಮುಸ್ಲಿಮರ ಮನೆಯಲ್ಲಿ ಪರದೆಯ ಹಿಂದೆ ಕೂತು ಅರ್ಧ ಉರ್ದು ಅರ್ಧ ಕೊಂಕಣಿಯಲ್ಲಿ ಮಕ್ಕಳಿಗೆ ಬಣ್ಣಗಳ ಹೆಸರು ಹೇಳಿಕೊಡುವಾಗ ಅಲ್ಲಿಯ ಅಜ್ಜಿ ನನ್ನ ಉರ್ದು ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಅಂಥ ಮನೆಗಳೂ ಇದ್ದವು.

ಅರ್ಧ ತಿಂಗಳು ಕುಮಟೆ, ಹೊನ್ನಾವರ. ಉಳಿದರ್ಧ ಭಟ್ಕಳದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಶಿರಾಲಿ, ಬೆಳಕೆಯ ಕಡೆ ತಿರುಗುವುದು. ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿದ್ದವು. ಏರು ಬಂದರೆ ನಾವೇ ಇಳಿದು ನಡೆಯಬೇಕು.

ಶಿರಾಲಿಯಲ್ಲಿ ಹೊಳೆಯ ಬದಿಯ ಒಂದು ಸಣ್ಣ ಹೆಂಚಿನ ಮನೆಗೆ ಹೋಗತೊಡಗಿದ್ದು ಬ್ರಿಟಿಷರ ವಿರುದ್ಧ ಚಳವಳಿ ಎದ್ದ ಮಳೆಗಾಲ ಮುಗಿದ ಮೇಲೆ. ಅಲ್ಲಿ ಮೂವರು: ನನಗಿಂತ ಸ್ವಲ್ಪ ದೊಡ್ಡವಳಾದ ಒಬ್ಬ ತಾಯಿ, ಅವಳ ಅತ್ತೆ, ಮತ್ತು ಮೂರು ದಾಟಿದ ಒಬ್ಬ ಹುಡುಗಿ. ಮಗುವಿನ ತಂದೆ ಕುಮಟೆಯ ಕಡೆ ಶಾಲಾ ಮಾಸ್ತರನಾಗಿದ್ದವನು. ಕೆಲಸ ಬಿಟ್ಟು ಮುಂಬಯಿಗೆ ಹೋಗಿದ್ದಾನೆ ಎಂದು ಮನೆಯವರು ಹೇಳಿದರು. ಚಳವಳಿಗೆ ಸೇರಿ ಟೆಲಿಗ್ರಾಫ್ ತಂತಿ ಕತ್ತರಿಸಿದ್ದಾನೆ, ಪೊಲೀಸರು ಹುಡುಕುತ್ತಿದ್ದಾರೆ ಎಂದು ಊರಿನವರು ಹೇಳಿದರು.

ಹುಡುಗಿಗೆ ಮಾತು ತಡವಾಗಿತ್ತು. ಕಿವಿ ಚೆನ್ನಾಗಿತ್ತು, ಹೇಳಿದ್ದೆಲ್ಲ ತಿಳಿಯುತ್ತಿತ್ತು. ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಿದ್ದಳು, ಅಷ್ಟೆ. “ನಾಲಗೆಗೆ ಜೇನು ಹಚ್ಚಿದ್ದಾತು, ದೇವರಿಗೆ ಹೇಳ್ಕಂಡದ್ದಾತು. ಇನ್ನು ನೀವೇ ನೋಡಿ” ಎಂದು ಅಜ್ಜಿ ಅವಳನ್ನು ನನ್ನ ಮಡಿಲಿಗೆ ದೂಡಿದಳು. ನಾನು ಅವಳಿಗೆ ಕಾಗೆಯ ಹಾಗೆ ಕೂಗಿ ತೋರಿಸಿದೆ. ಹೊಳೆ ದಂಡೆಯ ಚಿಪ್ಪುಗಳನ್ನು ಸಾಲಾಗಿ ಇಟ್ಟು ಒಂದೊಂದಕ್ಕೂ ಹೆಸರಿಟ್ಟೆವು. ಬೇಕಾದ್ದನ್ನು ಕೂಡಲೇ ಕೊಡಬೇಡಿ, ಕೇಳುವವರೆಗೆ ಕಾಯಿರಿ ಎಂದು ತಾಯಿಗೆ ಹೇಳಿದೆ. ಕೆಲವು ವಾರಗಳಲ್ಲಿ ‘ನೀರು’ ಬಂತು, ‘ಬೇಡ’ ಬಂತು. ಆಮೇಲೆ ಒಡ್ಡು ಒಡೆದ ಹಾಗೆ ಮಾತೇ ಮಾತು. ಅಜ್ಜಿ ನನಗೆ ಬಾಳೆಲೆ ಹಾಕಿ ಪಾಯಸ ಬಡಿಸಿದಳು. ಆದರೆ ಮಗು ಮಾತಾಡಿದಷ್ಟೂ ತಾಯಿಯ ಮುಖ ಮಂಕಾಗುತ್ತಿತ್ತು. ಯಾಕೆಂದು ನನಗೆ ಗೊತ್ತಾಗಲಿಲ್ಲ.

ಒಂದು ಬೆಳಿಗ್ಗೆ ನಾನೂ ಮಗುವೂ ಊಟದ ಆಟ ಆಡುತ್ತಿದ್ದೆವು. ತೆಂಗಿನ ಕರಟಗಳೇ ತಾಟು, ಮರಳೇ ಅನ್ನ. ಅಜ್ಜಿಗೆ, ಆಯಿಗೆ ಅಂದರೆ ಅಮ್ಮನಿಗೆ, ತನಗೆ, ನನಗೆ ಎಂದು ಬಡಿಸಿದಳು. ಮತ್ತೊಂದು ಕರಟ ತಂದು ಅದಕ್ಕೂ ಮರಳು ತುಂಬಿದಳು.

“ಅದು ಯಾರಿಗೆ?”

“ಅಪ್ಪಂಗೆ.”

“ಅಪ್ಪ ಮುಂಬಯಿಯಲ್ಲಿ ಅಲ್ಲವಾ?”

ಅವಳು ತಲೆಯಾಡಿಸಿ, ನಡುಮನೆಯ ಮೇಲಿನ ಅಟ್ಟದ ಕಡೆ ಬೆರಳು ತೋರಿಸಿದಳು. “ಮ್ಯಾಲೆ.”

ಬಾಗಿಲಲ್ಲಿ ತಾಯಿ ನಿಂತಿದ್ದಳು. ಕೈಯಲ್ಲಿದ್ದ ಮೊರ ಓರೆಯಾಗಿ ಅಕ್ಕಿ ಸುರಿಯುತ್ತಿತ್ತು. ಅವಳಿಗೆ ಅದರ ಪರಿವೆ ಇರಲಿಲ್ಲ. ನಾನು ಏನೂ ಕೇಳಿಸದವಳ ಹಾಗೆ ಚಿಪ್ಪುಗಳನ್ನು ಚೀಲಕ್ಕೆ ತುಂಬತೊಡಗಿದೆ. ಅರ್ಧ ಚಿಪ್ಪು ಚೀಲದ ಹೊರಗೇ ಬಿದ್ದದ್ದು ಅವಳಿಗೆ ಕಂಡಿತು.

ಬೇಲಿಯ ದಣಪೆಯವರೆಗೆ ಹಿಂದೆಯೇ ಬಂದಳು. ಸುತ್ತ ನೋಡಿ ತಗ್ಗಿದ ದನಿಯಲ್ಲಿ ಹೇಳಿದಳು. “ಅಕ್ಕೋರೇ, ನಿಮ್ ಕಾಲಿಗೆ ಬೀಳ್ತೆ. ಮಗೂಗೆ ಇನ್ನು ಮಾತು ಕಲಿಸಬೇಡಿ.”

ಆ ತನಕ ಯಾವ ತಾಯಿಯೂ ನನ್ನ ಹತ್ತಿರ ಅಂಥದ್ದನ್ನು ಬೇಡಿರಲಿಲ್ಲ. ಆಮೇಲೂ ಬೇಡಲಿಲ್ಲ. “ನಾನು ಯಾರಿಗೂ ಹೇಳುವುದಿಲ್ಲ” ಎಂದೆ. ಅವಳು ದಣಪೆಯ ಗಳ ಎಳೆದು ಹಾಕಿ ಒಳಗೆ ಹೋದಳು.

ಮರುದಿನವೇ ಹೊನ್ನಾವರಕ್ಕೆ ಮರಳುವ ದಿನ. ಶರಾವತಿಯ ದೋಣಿಯಲ್ಲಿ ಒಬ್ಬ ಪೊಲೀಸಿನವನು ಬಂದು ನನ್ನ ಎದುರಿಗೆ ಕೂತ. ಮಧ್ಯಹೊಳೆಯಲ್ಲಿ ಗಾಳಿ ಎದ್ದು ದೋಣಿ ವಾಲಾಡಿತು. ಅಂದು ನನಗೆ ನೀರಿನ ಹೆದರಿಕೆಯೇ ಆಗಲಿಲ್ಲ. ಅವನ ಖಾಕಿ ಚಡ್ಡಿಯ ಮೇಲಿನ ದೊಡ್ಡ ಕೈಗಳನ್ನೇ ನೋಡುತ್ತಿದ್ದೆ.

“ನೀವು ಸಣ್ ಮಕ್ಕಳಿಗೆ ಕಲ್ಸೋ ಅಕ್ಕೋರಲ್ವಾ? ಶಿರಾಲಿಗೂ ಹೋಗ್ತ್ರಿ ಅಲಾ?” ಎಂದ.

“ಹೌದು” ಎಂದೆ. ಚೀಲವನ್ನು ಮಡಿಲಿಗೆ ಎಳೆದುಕೊಂಡೆ.

“ನನ್ ಮಗಂದು ಒಂದು ಸಮಸ್ಯೆ. ಮಣ್ಣು ತಿಂತ. ಎಂತ ಮಾಡೂದು?”

ನಾನು ಏನೋ ಹೇಳಿದೆ. ಜಂತಿನ ಔಷಧಿ ಕೊಡಿ ಎಂದೆನೋ, ಹೊಡೆಯಬೇಡಿ ಎಂದೆನೋ. ಅವನು ತುಂಬ ಗಮನವಿಟ್ಟು ಕೇಳಿದ. ದಡ ಮುಟ್ಟಿದ ಮೇಲೆ ನನ್ನ ಚೀಲವನ್ನೂ ಅವನೇ ಇಳಿಸಿಕೊಟ್ಟ. ನಾನು ಮನೆಗೆ ಹೋಗಿ ಬಾಗಿಲಿಗೆ ಅಗುಳಿ ಹಾಕಿಕೊಂಡೆ.

ಮತ್ತೆ ಆ ಮನೆಗೆ ಹೋಗಬಾರದು ಎಂದುಕೊಂಡೆ. ಆದರೆ ಇದ್ದಕ್ಕಿದ್ದಂತೆ ಹೋಗುವುದನ್ನು ಬಿಟ್ಟರೆ ಯಾಕೆ ಬಿಟ್ಟಳು ಎಂದು ಯಾರಾದರೂ ಕೇಳಬಹುದಲ್ಲ ಎನ್ನಿಸಿತು. ಹೋದರೂ ಹೆದರಿಕೆ, ಬಿಟ್ಟರೂ ಹೆದರಿಕೆ. ಭಟ್ಕಳದ ಪಾಳಿ ಬಂದಾಗ, ಬಿಸಿಲು ಏರುವ ಹೊತ್ತಿಗೆ, ಮತ್ತೆ ಅದೇ ದಣಪೆಯ ಮುಂದೆ ನಿಂತಿದ್ದೆ. ತಾಯಿ ನನ್ನನ್ನು ಒಳಗೆ ಕರೆದಳು, ನೀರು ಬೆಲ್ಲ ಕೊಟ್ಟಳು. ನನ್ನ ಕಡೆ ನೋಡಲಿಲ್ಲ. ಮಗು ಓಡಿಬಂದು ನನ್ನ ಚೀಲಕ್ಕೆ ಕೈ ಹಾಕಿತು.

ಅಂದೇ ಅವರು ಬಂದರು.

ಮೊದಲು ಅಂಗಳದಲ್ಲಿ ಬೂಟಿನ ಸದ್ದು. ಒಬ್ಬ ಫೌಜದಾರ, ಇಬ್ಬರು ಪೊಲೀಸರು. ಅವರಲ್ಲಿ ಒಬ್ಬ ದೋಣಿಯಲ್ಲಿ ಸಿಕ್ಕವನೇ. ಅವನು ನನ್ನನ್ನು ನೋಡಿ ಮುಖ ಬೇರೆ ಕಡೆ ತಿರುಗಿಸಿದ. ಹುಲ್ಲಿನ ಬಣವೆಗೆ ಕೋಲು ಚುಚ್ಚಿದರು, ಬಚ್ಚಲು ನೋಡಿದರು, ಬತ್ತ ತುಂಬಿದ ಹುಲ್ಲಿನ ಮೂಡೆಗಳನ್ನು ಉರುಳಿಸಿದರು. ನಾನು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ನಡುಮನೆಯಲ್ಲಿ ಕೂತಿದ್ದೆ. ತಲೆಯ ಮೇಲಿನ ಅಟ್ಟವನ್ನು ನೋಡಬಾರದು, ನೋಡಬಾರದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಕತ್ತು ನೋಯತೊಡಗಿತು.

ಫೌಜದಾರ ಘಟ್ಟದ ಮೇಲಿನವನು. ಮಗುವಿನ ಎದುರು ಕುಕ್ಕರಗಾಲಲ್ಲಿ ಕೂತು ಜೇಬಿನಿಂದ ಪೆಪ್ಪರಮಿಂಟು ತೆಗೆದ. “ಶಾಣ್ಯಾಕಿ ಅದಿ ನೀ. ಎಲ್ಲಿದಾನವ್ವಾ ನಿಮ್ಮಪ್ಪ?”

ಮಗು ಪೆಪ್ಪರಮಿಂಟು ಬಾಯಿಗೆ ಹಾಕಿಕೊಂಡು ನನ್ನ ಮುಖ ನೋಡಿತು. ಉತ್ತರ ಸರಿಯಾಗಿ ಹೇಳಿದರೆ ನಾನು ಚಪ್ಪಾಳೆ ತಟ್ಟುತ್ತೇನೆ ಎಂದು ಅದಕ್ಕೆ ರೂಢಿಯಾಗಿತ್ತು. ಆಮೇಲೆ ಬಹಳ ಸ್ಪಷ್ಟವಾಗಿ ಹೇಳಿತು. “ಮ್ಯಾಲೆ.”

ಫೌಜದಾರ ತಲೆಯೆತ್ತಿದ. “ಏಣಿ ಎಲ್ಲಿ ಐತಿ?” ಎಂದ.

ಅಜ್ಜಿ ಏಣಿಗೆ ಅಡ್ಡ ನಿಂತಳು. “ಅಟ್ಟದಾಗೆ ಇಲಿ ಬಿಟ್ರೆ ಎಂತದೂ ಇಲ್ರಾ, ಹೋಗೂದು ಬೇಡ” ಎಂದಳು. ಒಬ್ಬ ಪೊಲೀಸು ಅವಳ ತೋಳು ಹಿಡಿದು ಎಳೆದ. ಮುದುಕಿ ಆಯತಪ್ಪಿ ಒರಳಿನ ಮೇಲೆ ಬಿದ್ದಳು. ಹಣೆ ಒಡೆದು ರಕ್ತ ಬಂತು. ತಾಯಿ ಕೂಗಲಿಲ್ಲ, ಅಳಲೂ ಇಲ್ಲ. ಗೋಡೆಗೆ ಆತು ನಿಂತೇ ಇದ್ದಳು. ಏಣಿಯ ಮೆಟ್ಟಿಲುಗಳು ಕಿರುಗುಟ್ಟಿದವು. ಮೇಲೆ ಹಲಗೆಗಳ ಮೇಲೆ ಬೂಟುಗಳು ಆಚೆಗೆ ಹೋದವು, ಈಚೆಗೆ ಬಂದವು. ದೂಳು ನಮ್ಮ ಮೇಲೆ ಉದುರಿತು. ನಾನು ಮಗುವಿನ ಮುಖವನ್ನು ಎದೆಗೆ ಒತ್ತಿಕೊಂಡೆ. ನನ್ನ ಸೀರೆ ಬೆಚ್ಚಗೆ ಒದ್ದೆಯಾಯಿತು. ಮಗು ಉಚ್ಚೆ ಹೊಯ್ದುಕೊಂಡಿತ್ತು.

“ಯಾರೂ ಇಲ್ರೀ ಸಾಹೇಬ್ರ” ಎಂದು ಮೇಲಿನಿಂದ ದನಿ ಬಂತು. “ಗಡಿಗಿ ಅದಾವು, ಹಳೇ ಚಾಪಿ ಅದಾವು.”

ಫೌಜದಾರ ನನ್ನ ಕಡೆ ತಿರುಗಿದ. “ನೀವು ಯಾವತ್ತರ ಯಾರನ್ನರ ನೋಡೀರೇನು ಇಲ್ಲಿ?”

“ಇಲ್ಲ” ಎಂದೆ. ಅದು ನಿಜವೂ ಆಗಿತ್ತು. ಕಣ್ಣಿಂದ ನಾನು ಯಾರನ್ನೂ ನೋಡಿರಲಿಲ್ಲ. “ಮಕ್ಕಳಿಗೆ ಪಾಠ ಹೇಳುವುದು ಬಿಟ್ಟು ನನಗೆ ಬೇರೆ ಏನೂ ಗೊತ್ತಿಲ್ಲ.” ಅವನು ನನ್ನ ಒದ್ದೆ ಸೀರೆಯನ್ನೂ ಕಣ್ಣನ್ನೂ ನೋಡಿ ಎದ್ದ. ಹೋಗುವಾಗ ದೋಣಿಯ ಪೊಲೀಸಿನವನು ಉರುಳಿದ್ದ ಒಂದು ಮೂಡೆಯನ್ನು ಎತ್ತಿ ನೇರ ಮಾಡಿಟ್ಟು ಹೋದ.

ಅಜ್ಜಿಯ ಹಣೆಗೆ ಅರಿಸಿನ ಒತ್ತಿ ಬಟ್ಟೆ ಕಟ್ಟಿದೆವು. ಆಮೇಲೆ ನಾನು ತಾಯಿಯನ್ನು ಕೇಳಿದೆ. “ಎಲ್ಲಿ ಹೋದರು?”

“ನೀವು ಅವತ್ತು ಹೋದ್ರಿ ಅಲಾ, ಅದೇ ಸಂಜಿಗೆ ಕಳ್ಸಿದೆ” ಎಂದಳು. “ನಿಮ್ ಸಂಘದ ದೊಡ್ಡಮ್ಮ ಸರಕಾರದ ಮಾಮಲೇದಾರರ ಹೆಂಡ್ತಿ ಅಂತೆ. ನೀವು ಹೇಳೂದಿಲ್ಲ ಅಂದ್ರಿ. ಹೆಂಗೆ ನಂಬೂಕೆ ಆತದೆ ಅಕ್ಕೋರೇ? ನಿಮಗೆ ಹೆದರಿ ಕಳ್ಸಿದೆ.”

ನನಗೆ ಹೆದರಿ! ಜಗಲಿಯ ಗಂಡಸರಿಗೆ, ನಾಯಿಗೆ, ನೀರಿಗೆ ಹೆದರಿ ಸಾಯುತ್ತಿದ್ದ ನನಗೆ ಹೆದರಿ ಒಬ್ಬಳು ಗಂಡನನ್ನೇ ಮನೆ ಬಿಡಿಸಿದ್ದಳು. ಬೇಸರವಾಗಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಆದರೆ ಅಟ್ಟ ಖಾಲಿ ಎಂದು ಗೊತ್ತಿದ್ದೂ ಅಜ್ಜಿ ಯಾಕೆ ಏಣಿಗೆ ಅಡ್ಡ ನಿಂತಳು ಎಂದು ಕೇಳಿದೆ. ಅಜ್ಜಿಗೆ ಗೊತ್ತಿರಲಿಲ್ಲವಂತೆ. ಅಟ್ಟಕ್ಕೆ ಊಟ ಏರಿಸುತ್ತಿದ್ದ ಸೊಸೆ ಅವಳಿಗೂ ಹೇಳದೆ, ದಿನವೂ ತಾಟು ಏರಿಸುತ್ತಲೇ ಇದ್ದಳು.

ಮಗು ಆ ದಿನದಿಂದ ಮಾತು ಬಿಟ್ಟಿತು. ಒಂದು ಶಬ್ದವೂ ಇಲ್ಲ. ಬೆರಳು ಮಾಡುವುದನ್ನೂ ನಿಲ್ಲಿಸಿತು. ಅಟ್ಟದ ಕಡೆ ತೋರಿಸಿದ ಆ ಕೈಯನ್ನು ಲಂಗದ ಒಳಗೆ ಬಚ್ಚಿಟ್ಟುಕೊಂಡು ಕೂರುತ್ತಿತ್ತು. ಮೊದಲು ತಾಯಿಗೆ ಸಮಾಧಾನವೇ ಆಗಿತ್ತೇನೋ. ತಿಂಗಳು ಕಳೆದಂತೆ ಅವಳೂ ಹೆದರಿದಳು. “ನಾನೇ ಬೇಡ ಅಂದದ್ದು ದೇವರಿಗೆ ಕೇಳ್ಬಿಡ್ತಾ?” ಎಂದು ನನ್ನನ್ನು ಕೇಳುತ್ತಿದ್ದಳು. ಮಗುವಿಗೆ ಏನೂ ಕೇಳಬೇಡಿ, ಯಾವ ಪ್ರಶ್ನೆಯೂ ಬೇಡ ಎಂದಷ್ಟೇ ಹೇಳಿದೆ. ನಾನೂ ಕೇಳಲಿಲ್ಲ. ಪಾಳಿ ಬಂದಾಗಲೆಲ್ಲ ಹೋಗಿ ಪಕ್ಕದಲ್ಲಿ ಕೂತು ಹೂ ಕಟ್ಟುತ್ತಿದ್ದೆ. ಸೊಪ್ಪು ಬಿಡಿಸುತ್ತಿದ್ದೆ. ಇನ್ನು ಈ ಮಗು ಎಂದಿಗೂ ಮಾತಾಡದಿದ್ದರೆ ಎಂಬ ಯೋಚನೆ ಬಂದರೆ ಕಟ್ಟಿದ ಹೂವನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದೆ.

ಬೇಸಿಗೆಯಲ್ಲಿ ಅವಳ ತಂದೆ ಕುಮಟೆಯ ಹತ್ತಿರ ಸಿಕ್ಕಿಬಿದ್ದ. ಶಿಕ್ಷೆಯಾಯಿತು. ಆ ಮನೆಯಲ್ಲಿ ಮುಚ್ಚಿಡುವಂಥದ್ದು ಏನೂ ಉಳಿಯಲಿಲ್ಲ. ಆದರೂ ಮಗು ಬಾಯಿ ತೆರೆಯಲಿಲ್ಲ. ಮಳೆಗಾಲವೂ ಕಳೆಯಿತು.

ಒಂದು ದಿನ ನೀರಿಳಿತದ ಹೊತ್ತಿನಲ್ಲಿ ತಾಯಿ ಹೊಳೆಯಲ್ಲಿ ಅಡುಗೆಗೆ ಬಳಚು ಚಿಪ್ಪು ಆರಿಸುತ್ತಿದ್ದಳು. ನಾನೂ ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದೆ. ಮಗು ದಂಡೆಯ ಕಲ್ಲಿನ ಮೇಲೆ ಕೂತಿತ್ತು. ಇದ್ದಕ್ಕಿದ್ದಂತೆ ಕಾಲಿನ ಹೆಬ್ಬೆರಳನ್ನು ಯಾರೋ ಇಕ್ಕಳದಲ್ಲಿ ಹಿಡಿದ ಹಾಗಾಯಿತು. ನಾನು ಚೀರಿ ಒಂಟಿಗಾಲಲ್ಲಿ ಕುಣಿದೆ, ಜಾರಿದೆ, ಕೆಸರಲ್ಲಿ ಕುಂಡೆಯೂರಿ ಕೂತೆ. ಕಾಲೆತ್ತಿದರೆ ಒಂದು ಕಪ್ಪು ಏಡಿ ಜೋತಾಡುತ್ತಿದೆ.

“ಆಯೀ! ಅಕ್ಕೋರ ಬೆಳ್ಳು ಏಡಿ ಹಿಡ್ಕಂಡದೆ! ಬೇಗ ಬಾ!”

ಕಲ್ಲಿನ ಮೇಲೆ ನಿಂತು ಮಗು ಕೂಗುತ್ತಿತ್ತು. ಕೂಗುತ್ತ ನಗುತ್ತಿತ್ತು. ತಾಯಿ ಬುಟ್ಟಿ ಬಿಟ್ಟು ಎದ್ದಳು. ಮೊದಲು ಅವಳು ನೋಡಿದ್ದು ಮಗುವನ್ನಲ್ಲ, ರಸ್ತೆಯ ಕಡೆ, ಯಾರಾದರೂ ಕೇಳಿಸಿಕೊಂಡರಾ ಎಂದು. ಆಮೇಲೆ ಅಲ್ಲೇ ಕೆಸರಿನಲ್ಲಿ ನನ್ನ ಪಕ್ಕ ಕೂತು ಅತ್ತಳು. ಏಡಿಯನ್ನು ನಾನೇ ಬಿಡಿಸಿಕೊಳ್ಳಬೇಕಾಯಿತು.

ತಂದೆ ಬಿಡುಗಡೆಯಾಗಿ ಬಂದಾಗ ಹುಡುಗಿ ಪಟಪಟ ಮಾತಾಡುತ್ತಿದ್ದಳು. ಜೈಲಿನಿಂದ ಕೆಮ್ಮು ಹೊತ್ತು ತಂದಿದ್ದ ಆ ಮನುಷ್ಯ ನನಗೆ ಕೈ ಮುಗಿದು, “ಇಷ್ಟು ಮಾತು ಎಲ್ಲಿ ಇಟ್ಟಿತ್ರಾ ಇದು?” ಎಂದ. ಹುಡುಗಿ ಹಲವು ದಿನ ಅವನ ಹತ್ತಿರ ಹೋಗಲಿಲ್ಲವಂತೆ. ಆಮೇಲೆ ಹೋದಳು.

ಮರುವರ್ಷ ಅವಳನ್ನು ಶಾಲೆಗೆ ಸೇರಿಸಲು ಹೊರಟಾಗ ನಾನೂ ಜೊತೆಗಿದ್ದೆ. ಅವಳು ದಾರಿಯುದ್ದಕ್ಕೂ ಹರಟುತ್ತಿದ್ದಳು. ತಿರುವಿನಲ್ಲಿ ಖಾಕಿ ಕೋಟಿನವನೊಬ್ಬ ಎದುರಾದ. ಮಾತು ಅರ್ಧಕ್ಕೇ ನಿಂತಿತು. ಅವಳು ನನ್ನ ಸೆರಗಿನೊಳಗೆ ಹೊಕ್ಕಳು. “ಟಪಾಲಿನಂವ ಮಗಾ, ಟಪಾಲಿನಂವ” ಎಂದಳು ತಾಯಿ. ಆದರೆ ಅವಳ ಕೈಯೂ ನನ್ನ ತೋಳನ್ನು ಬಿಗಿಯಾಗಿ ಹಿಡಿದಿತ್ತು. ಅವನು ನಮ್ಮನ್ನು ದಾಟಿ ಗದ್ದೆಯ ಆಚೆ ಮರೆಯಾಗುವವರೆಗೂ ನಾವು ಮೂವರೂ ರಸ್ತೆಯ ಬದಿಯಲ್ಲಿ ನಿಂತೇ ಇದ್ದೆವು.