ಎಚ್ಚರಿಕೆಯ ಬಾಯಿ ಮುಚ್ಚಿಸಿದ ಸಾಲು

ತ್ರಿವೇಣಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ಆಫೀಸಿನಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದೆವು. ನಮಗೆ ನಾಚಿಕೆಯಾಗಬೇಕಿತ್ತು.

ಚಿತ್ತವಾಡ್ಗಿಯ ಈಕೆ 2006ರಲ್ಲಿ ಹೊಸಪೇಟೆಯ ವಿರೂಪಾಕ್ಷಪ್ಪನವರ ಸಣ್ಣ ಕಂಪ್ಯೂಟರ್ ಕಂಪನಿ ಸೇರಿದಳು. ಸಂಡೂರಿನ ಕ್ರಷರ್‌ಗಳಲ್ಲಿ ಅದಿರು ಸಾಗಿಸುವ ಬೆಲ್ಟುಗಳಿಗೆ ಪ್ರೋಗ್ರಾಂ ಬರೆಯುವುದು ನಮ್ಮ ಕೆಲಸ. ನಾವು ಬರೆದದ್ದನ್ನು ಓಡಿಸುವ ಮೊದಲೇ ಓದಿ ತಪ್ಪು ಹಿಡಿಯುವ ಇನ್ನೊಂದು ಪ್ರೋಗ್ರಾಂ ಅನ್ನು ಆಕೆ ತಾನೇ ಬರೆದಳು. ಅಪಾಯವಾದಾಗ ನಿಲ್ಲಿಸಲೆಂದು ಬೆಲ್ಟಿನ ಪಕ್ಕ ಕಟ್ಟಿದ ಹಗ್ಗ ಎಳೆದರೂ ಬೆಲ್ಟ್ ನಿಲ್ಲದಂಥ ಸಾಲು ಕಂಡರೆ ಅದು ಎಚ್ಚರಿಕೆ ಕೊಡುತ್ತಿತ್ತು. ಎಚ್ಚರಿಕೆ ಸುಳ್ಳಾದರೆ ಆ ಸಾಲಿನ ಮೇಲೆ ಕಾರಣ ಮತ್ತು ಹೆಸರು ಬರೆದು ಅದನ್ನು ಸುಮ್ಮನಾಗಿಸಬಹುದಿತ್ತು.

ಕೆಲಸ ಒಪ್ಪಿಸುವ ದಿನ 'ಎಚ್ಚರಿಕೆ: ಸೊನ್ನೆ' ಎಂಬ ಹಾಳೆಗೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುವುದು ವಿರೂಪಾಕ್ಷಪ್ಪನವರ ಪದ್ಧತಿ. ಒಂದು ಕ್ರಷರ್‌ನ ಕೆಲಸ ಒಪ್ಪಿಸುವ ದಿನ ನಲವತ್ತೊಂದು ಎಚ್ಚರಿಕೆ ಬಂದವು. ತ್ರಿವೇಣಿ ರಜೆಯಲ್ಲಿದ್ದಳು.

"ಹಾಲೇಶಾ, ಜಲ್ದಿ ಇವುಗಳ ಬಾಯಿ ಮುಚ್ಚಸಪ್ಪ. ರಾಹುಕಾಲ ಬರಾಕತ್ತೈತಿ," ಎಂದರು ವಿರೂಪಾಕ್ಷಪ್ಪ ನನಗೆ.

ಮೊದಲ ಹತ್ತು ನೋಡಿದೆ, ಹತ್ತೂ ಸುಳ್ಳು. ಬೇಸತ್ತು, ಪ್ರೋಗ್ರಾಂನ ಮೇಲ್ತುದಿಯಲ್ಲಿ ಒಂದೇ ಸಾಲು ಹಾಕಿ ಎಲ್ಲವನ್ನೂ ಒಟ್ಟಿಗೆ ಸುಮ್ಮನಾಗಿಸಿದೆ. ಹಾಗೆ ಮಾಡಲು ತ್ರಿವೇಣಿಯ ಹೆಸರೇ ಬೇಕಿತ್ತು, ಅದನ್ನೂ ಬರೆದೆ. ಪೂಜೆ ಹೊತ್ತಿಗೆ ಸರಿಯಾಗಿ ಮುಗಿಯಿತು.

ಹದಿನೈದು ದಿನಕ್ಕೆ ಆ ಕ್ರಷರ್‌ನಲ್ಲಿ ಕೂಲಿ ಮಾಡುತ್ತಿದ್ದ ವಡ್ಡು ಹಳ್ಳಿಯ ಭಾಗ್ಯಳ ಸೆರಗು ಬೆಲ್ಟಿಗೆ ಸಿಕ್ಕಿತು. ಜೊತೆಯವರು ಹಗ್ಗ ಎಳೆದರು. ಬೆಲ್ಟ್ ನಿಲ್ಲಲಿಲ್ಲ. ಬಲಗೈ ಮೊಣಕೈವರೆಗೆ ಹೋಯಿತು.

ತ್ರಿವೇಣಿ ನನ್ನ ಸಾಲು ಅಳಿಸಿ ಮತ್ತೆ ಪರೀಕ್ಷಿಸಿದಳು. ಮೂವತ್ತೇಳನೆಯ ಎಚ್ಚರಿಕೆ ಆ ಹಗ್ಗದ್ದೇ.

"ಹಗ್ಗ ಸರಿಯಾಗಿ ಎಳ್ದಿಲ್ಲ ಅಂತ ವರದಿಯಾಗ ಬರ್ದುಬಿಡವ್ವ," ಎಂದರು ವಿರೂಪಾಕ್ಷಪ್ಪ.

"ನನ್ನ ಹೆಸರು ಕದ್ದಿದ್ದು ಸಾಲಲಿಲ್ಲೇನ್ರಿ? ಈಗ ನನ್ನ ಕೈಲೇ ಸುಳ್ಳು ಬರೆಸ್ತೀರೇನು?"

ಆ ಎಚ್ಚರಿಕೆಯ ಹಾಳೆಯನ್ನು ಮುದ್ರಿಸಿಕೊಂಡು, ನನ್ನ ಅಂಗಿಯ ತೋಳು ಹಿಡಿದು ಆಸ್ಪತ್ರೆಗೆ ಎಳೆದೊಯ್ದಳು.

ತ್ರಿವೇಣಿ ಕೊಟ್ಟ ಹಾಳೆ ಹಿಡಿದ ಭಾಗ್ಯಳಿಗೆ ಓದು ಬರುತ್ತಿರಲಿಲ್ಲ. "ಇದ್ರಾಗ ಏನೈತ್ರಿ ಅಕ್ಕಾ?" ಎಂದಳು.

"ಬೆಲ್ಟ್ ನಿಲ್ಲಂಗಿಲ್ಲ ಅಂತ ಮಿಷನ್ ಮೊದ್ಲೇ ಹೇಳಿತ್ತವ್ವ. ಅದರ ಬಾಯಿ ಮುಚ್ಚಿಸಿದ್ರು."

"ಯಾರ್ರಿ?"

ತ್ರಿವೇಣಿ ನನ್ನನ್ನೇ ನೋಡಿದಳು. "ನಾನು," ಎಂದೆ.

ಭಾಗ್ಯ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಉಳಿದ ಕೈಯಲ್ಲಿ ಹಾಳೆಯನ್ನು ನನ್ನತ್ತ ಚಾಚಿ ಕೇಳಿದಳು:

"ಮುಚ್ಚಸೋದಕ್ಕಿಂತ ಮೊದ್ಲು ಅದನ್ನ ಓದಿದ್ರೇನ್ರಿ ನೀವು?"

ನಾನು ಓದಿರಲಿಲ್ಲ.