ನನ್ನ ಕಣ್ಣು ಕುಣಿದ ದಿನ

ಮದುವೆಯಾಗಿ ಕಾಪುವಿನಿಂದ ಬಜಗೋಳಿಗೆ ಬಂದ ಎರಡನೆಯ ವರ್ಷ, ನಾಗರ ಪಂಚಮಿಯಂದು, ಗಂಡನ ಮನೆಯ ನಾಗಬನದಲ್ಲಿ ಅಡ್ಡಬಿದ್ದು ಏಳುವಾಗ ನನಗೆ ಲೋಕವೇ ಗಿರ್ರೆಂದು ತಿರುಗಿತು. ನಾಗನ ಕಲ್ಲು, ಭಟ್ಟರು, ಹಾಲಿನ ತಂಬಿಗೆ ಎಲ್ಲವೂ ಒಂದರ ಹಿಂದೆ ಒಂದು ಓಡಿದವು. ಪಕ್ಕದಲ್ಲಿದ್ದ ಅತ್ತೆಯ ಸೆರಗು ಹಿಡಿದುಕೊಂಡೆ. ಅವರು ಸೆರಗು ಬಿಡಿಸಿಕೊಂಡು ದೂರ ಸರಿದು ಎಲ್ಲರೆದುರು ಕೇಳಿದರು: "ಶುದ್ಧದಲ್ಲಿ ಬಂದಿದ್ದೀಯಾ, ಇಲ್ವಾ?"

ನಮ್ಮ ಮನೆಮಾತು ತುಳು. ಕನ್ನಡಕ್ಕೆ ತರುವಾಗ ಆ ಮಾತಿನ ಬಿಸಿ ಸ್ವಲ್ಪ ಆರಿದೆ. ಅವತ್ತು ಅದು ಚೆನ್ನಾಗಿ ಸುಟ್ಟಿತ್ತು. ಶುದ್ಧದಲ್ಲೇ ಇದ್ದೆ ಎಂದು ಹೆಂಗಸೊಬ್ಬಳು ಅಷ್ಟು ಜನರ ಮುಂದೆ ಹೇಗೆ ಸಾಬೀತು ಮಾಡಬೇಕು?

ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು. ನಾಗನಿಗೆ ಅಸಮಾಧಾನ ಇದೆ, ಆಶ್ಲೇಷಾ ಬಲಿ ಎಂಬ ನಾಗಪೂಜೆ ಆಗಬೇಕು ಎಂದು ಬಂತು. ಬಲಿಯ ದಿನ ನನ್ನನ್ನು ಮಂಡಲದ ಮುಂದೆ ಕೂರಿಸಿ, ಮತ್ತೆ ಮತ್ತೆ ತಲೆ ಬಗ್ಗಿಸಿ ನಮಸ್ಕಾರ ಮಾಡಿಸಿದರು. ಬಗ್ಗಿದಾಗಲೆಲ್ಲ ತಿರುಗಿತು. ಕೊನೆಗೆ ವಾಂತಿಯೂ ಆಯಿತು. ಅಸಮಾಧಾನ ಇನ್ನೂ ಹೋಗಿಲ್ಲ ಎಂದು ನೆಂಟರೆಲ್ಲ ತಲೆಯಾಡಿಸಿದರು. ಹಾಸಿಗೆಯಲ್ಲಿ ಹೊರಳಿದರೂ, ಅಟ್ಟದ ಮೇಲಿನ ಡಬ್ಬಿಗೆ ಕತ್ತೆತ್ತಿದರೂ ಹೀಗೇ ಆಗುತ್ತದೆ ಎಂದು ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರ ಕಣ್ಣಿಗೆ ಬಿದ್ದದ್ದು ದೇವರ ಮುಂದೆ ಆದದ್ದು ಮಾತ್ರ.

ಕಾರ್ಕಳದ ಡಾಕ್ಟರು ಬಿ.ಪಿ. ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು, "ಎಲ್ಲ ಸರಿ ಉಂಟಲ್ಲ" ಎಂದರು. ಆ ಒಂದು ಮಾತು ನನಗೆ ಮುಳುವಾಯಿತು. ಕಾಯಿಲೆ ಇಲ್ಲ ಎಂದಮೇಲೆ ಉಳಿದದ್ದು ಎರಡೇ, ಒಂದೋ ದೋಷ, ಇಲ್ಲವೇ ನಾಟಕ. ಅತ್ತೆ ದೋಷ ಎನ್ನುತ್ತಿದ್ದರು, ಗಂಡ ನಾಟಕ ಎನ್ನುತ್ತಿದ್ದರು. ಗಂಡ ಬ್ಯಾಂಕಿನಲ್ಲಿದ್ದವರು, ದೋಷಗೀಷ ನಂಬದ ವಿಚಾರವಂತರು. ನಾನು ಬಾವಿಕಟ್ಟೆಯನ್ನೋ ಗೋಡೆಯನ್ನೋ ಹಿಡಿದು ನಿಂತಾಗ ಅತ್ತೆ, "ಕುಣಿಯಲಾರದವಳಿಗೆ ನೆಲ ಡೊಂಕಂತೆ" ಎಂದು ಗೊಣಗುವರು. ಇವರು ಪೇಪರಿನ ಹಿಂದೆ ನಗುವರು. ನೆಲ ನಿಜಕ್ಕೂ ಡೊಂಕಾಗಿತ್ತು ಎಂದು ಕೂಗಬೇಕೆನ್ನಿಸುತ್ತಿತ್ತು. ಕೂಗಿದರೆ ತಲೆ ಅಲುಗುತ್ತದೆ, ಸುಮ್ಮನಿರುತ್ತಿದ್ದೆ.

ಹೀಗೇ ಕೆಲವು ವರ್ಷ ಕಳೆದ ಮೇಲೆ, ತಲೆಸುತ್ತನ್ನು ಕಂಪ್ಯೂಟರಿನಲ್ಲಿ ಹಿಡಿಯುವ ಯಂತ್ರ ಮಣಿಪಾಲದ ಒಂದು ಕ್ಲಿನಿಕ್ಕಿಗೆ ಬಂದಿದೆ ಎಂದು ಇವರಿಗೆ ಬ್ಯಾಂಕಿನಲ್ಲಿ ಯಾರೋ ಹೇಳಿದರು. ಕಂಪ್ಯೂಟರ್ ಎಂದ ಕೂಡಲೇ ಇವರಿಗೆ ಹುರುಪು ಬಂತು. ಬ್ಯಾಂಕಿನಲ್ಲೂ ಆಗಷ್ಟೇ ಎಲ್ಲ ಕಂಪ್ಯೂಟರಿಗೆ ಹೋಗಿತ್ತು. "ಅದು ಸುಳ್ಳು ಹೇಳುವುದಿಲ್ಲ ಮಾರಾಯ್ತಿ" ಎಂದರು. ಸುಳ್ಳು ಹೇಳುವವರು ಯಾರು ಎಂದು ನಾನು ಕೇಳಲಿಲ್ಲ. ಅತ್ತೆಯೂ ಹೊರಟರು.

ಅಲ್ಲಿಯ ಡಾಕ್ಟರು ವಯಸ್ಸಾದವರು. ನಾನು ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದರು. ಅಷ್ಟಕ್ಕೇ ನನಗೆ ಅಳು ಬಂತು. ಆಮೇಲೆ ಅವರು, "ನೋಡಿ ಅಮ್ಮಾ, ಈ ಕನ್ನಡಕದೊಳಗೆ ಕ್ಯಾಮೆರಾ ಉಂಟು. ತಲೆ ತಿರುಗುವಾಗ ಕಣ್ಣೂ ಅಲ್ಲಾಡುತ್ತದೆ, ಅದು ಅಲ್ಲಿ ಆ ಪರದೆಯಲ್ಲಿ ಕಾಣುತ್ತದೆ. ಕೆಲವು ದಿನ ಕಾಣುವುದಿಲ್ಲ. ಆಗ ಇನ್ನೊಮ್ಮೆ ಬರಬೇಕಾಗುತ್ತದೆ" ಎಂದರು. ಇವರು ನನ್ನ ಮುಖ ನೋಡಿದರು. ಆ ನೋಟದ ಅರ್ಥ ನನಗೆ ಗೊತ್ತಿತ್ತು. ಇವತ್ತು ಕಾಣದಿದ್ದರೆ ನನಗೆ ಇನ್ನೊಮ್ಮೆ ಎಂಬುದು ಇರಲಿಲ್ಲ.

ದಪ್ಪ ಕನ್ನಡಕ ಬಿಗಿದು ಮುಚ್ಚಳ ಹಾಕಿದರು. ಒಳಗೆಲ್ಲ ಕತ್ತಲೆ. ದೇವರೇ, ಇವತ್ತೊಂದು ದಿನ ನನ್ನ ತಲೆ ತಿರುಗಲಿ ಎಂದು ಬೇಡಿಕೊಂಡೆ. ಎಷ್ಟೋ ಹರಕೆಗಳಲ್ಲಿ ಅದನ್ನು ನಿಲ್ಲಿಸು ಎಂದು ಬೇಡಿದ ಬಾಯಿ ಅದು. ಡಾಕ್ಟರು ನನ್ನ ಕತ್ತನ್ನು ಬಲಕ್ಕೆ ತಿರುಗಿಸಿ, ಸರಕ್ಕನೆ ಮಲಗಿಸಿ, ತಲೆಯನ್ನು ಮಂಚದ ಅಂಚಿನಿಂದ ಕೆಳಗೆ ಇಳಿಬಿಟ್ಟರು. ಏನೂ ಆಗಲಿಲ್ಲ. ಇವರು ಕೆಮ್ಮಿದ್ದು ಕೇಳಿಸಿತು. ಅಷ್ಟರಲ್ಲಿ ಸುತ್ತು ಬಂತು ನೋಡಿ, ಪುಣ್ಯಾತ್ಮ! ಮಂಚದ ಸಮೇತ ನಾನು ಬುಗುರಿಯ ಹಾಗೆ ತಿರುಗಿದೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

"ಅಬ್ಬಾ! ಕಣ್ಣು ಹೇಗೆ ಕುಣಿಯುತ್ತದೆ ನೋಡು ಅಮ್ಮಾ!" ಎಂದು ಇವರು ತಾಯಿಗೆ ಹೇಳಿದರು.

ಕಿವಿಯೊಳಗೆ ಸಣ್ಣ ಕಲ್ಲಿನ ಹುಡಿಯಂಥದ್ದು ಜಾಗ ತಪ್ಪಿ ಕೂತಿದೆ, ತಲೆಯನ್ನು ಬಗ್ಗಿಸಿದರೆ, ಹೊರಳಿಸಿದರೆ ಅದು ಸರಿದಾಡುತ್ತದೆ ಎಂದರು ಡಾಕ್ಟರು. ಪರದೆ ನೋಡುತ್ತಲೇ ನನ್ನ ತಲೆಯನ್ನು ಆ ಕಡೆಗೆ, ಈ ಕಡೆಗೆ ಹೊರಳಿಸಿ ಎಬ್ಬಿಸಿ ಕೂರಿಸಿದರು. ಇನ್ನೊಮ್ಮೆ ಮಲಗಿಸಿ ನೋಡಿದಾಗ ಕಣ್ಣು ಅಲ್ಲಾಡಲಿಲ್ಲ. ಮಾತ್ರೆ ಇಲ್ಲ, ಬಲಿ ಇಲ್ಲ, ಬೈಗುಳ ಇಲ್ಲ. ನಾನು ವರ್ಷಗಟ್ಟಲೆ ತಿಂದ ಅವಮಾನ ನೀಗಲು ಒಂದು ಚಹಾ ಕುಡಿಯುವಷ್ಟು ಹೊತ್ತು ಸಾಕಾಗಿತ್ತು.

ವಾಪಸು ಬರುವ ಬಸ್ಸಿನಲ್ಲಿ ಇವರು ಆ ಯಂತ್ರದ ಗುಣಗಾನವನ್ನೇ ಮಾಡುತ್ತಿದ್ದರು. ಪರ್ಕಳದ ಹತ್ತಿರ ನಾನು ಕೇಳಿದೆ: "ಇವತ್ತು ಅದರಲ್ಲಿ ಕಾಣದಿದ್ದರೆ?"

ಇವರು ಯೋಚಿಸಿ, ಸಿಟ್ಟಿಲ್ಲದೆ, ಪ್ರಾಮಾಣಿಕವಾಗಿಯೇ ಹೇಳಿದರು: "ಕಾಣದಿದ್ದರೆ ನಮಗೆ ಹೇಗೆ ಗೊತ್ತಾಗಬೇಕು ಮಾರಾಯ್ತಿ?"

ನಾನು ಹೇಳಿದ್ದೆನಲ್ಲ ಎನ್ನುವ ಬದಲು ಕಿಟಕಿಯ ಕಡೆ ತಿರುಗಿ ಕೂತೆ. ಹಿಂದಿನ ಸೀಟಿನಲ್ಲಿ ಅತ್ತೆ ನಿದ್ದೆ ಮಾಡುತ್ತಿದ್ದರು, ಅಥವಾ ನಿದ್ದೆ ಬಂದವರ ಹಾಗೆ ಕೂತಿದ್ದರು.

ಕೆಲವು ವರ್ಷಗಳ ನಂತರ ನನಗೆ ಪಿತ್ತಕೋಶದಲ್ಲಿ ಕಲ್ಲಾಯಿತು. ನೋವು ಬಂದಾಗ ಬಾಯಿಗೆ ಬಟ್ಟೆ ತುರುಕಿಕೊಂಡು ಮಲಗಿದೆ, ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಒಬ್ಬಳೇ ಉಡುಪಿಗೆ ಹೋಗಿ ಸ್ಕ್ಯಾನಿಂಗ್ ಮಾಡಿಸಿಕೊಂಡು ಬಂದೆ. ರಾತ್ರಿ ಊಟಕ್ಕೆ ಕೂತಾಗ ಆ ಚಿತ್ರವನ್ನು ಇವರ ಬಟ್ಟಲಿನ ಪಕ್ಕದಲ್ಲಿಟ್ಟೆ. ಆಮೇಲೆಯೇ ಹೇಳಿದೆ, ನನಗೆ ಹೊಟ್ಟೆ ನೋಯುತ್ತದೆ ಎಂದು.