ಗಂಡನ ಹೆಸರು ಹೇಳಿದ ಎಡಿಟರ್

ಏನ್ ಹೇಳ್ಲಿ ಗೆಳತ್ಯಾರ, ಇವತ್ತ ಸಿಂದಗಿಯ ನಮ್ಮ ಮನ್ಯಾಗ ಕಂಪ್ಯೂಟರ್ ಸಲುವಾಗಿ ನಾ ಬೈಸಿಕೊಂಡೀನಿ.

ನಾ ಮನ್ಯಾಗ ಕುಂತು ರೂಬಿ ಅನ್ನೂ ಕಂಪ್ಯೂಟರ್ ಭಾಷಾದಾಗ ಪ್ರೋಗ್ರಾಂ ಬರಿಯಾಕಿ. ಟೆಸ್ಟ್ ಮಾಡಾಕಂತ ಮನಿ ಗಂಡಸರ ಹೆಸರು ಹಾಕಿದ್ದೆ. ಇವತ್ತ ‘ಶಿ’ ಅಂತ ಹೊಡಿಯೂದ್ರಾಗ, ಪ್ರೋಗ್ರಾಂ ಬರಿಯೂ ಎಡಿಟರ್ ಸಾಫ್ಟ್‌ವೇರ್ ನಮ್ಮ ಮನಿಯವರ ಹೆಸರು ಪೂರಾ ತೋರಿಸ್ತು: ಶಿವಾನಂದ. ಹಿಂದ ನಿಂತಿದ್ದ ನಮ್ಮತ್ತಿ, ಸಾಲಿ ಕಲಿಸಿ ರಿಟೈರ್ ಆದ ಅಕ್ಕೋರು, ಗದರಿಸಿದ್ರು.

“ಪ್ರಾಸ ಕಟ್ಟಿ ಒಡಪು ಹಾಕಲಾರದ ಗಂಡನ ಹೆಸರು ತಗೋತಿಯೇನು?”

“ನಾ ಅಲ್ರಿ ಅತ್ತಿ, ಎಡಿಟರ್. ಮೊದಲು ಬರದಿದ್ದು ನೆನಪಿಟ್ಟು, ಉಳಿದದ್ದು ತಾನ ಪೂರ್ತಿ ಮಾಡ್ತೈತಿ.”

“ಹಂಗಾದ್ರ ನಿಮ್ಮ ಮಾವಾರ್ದು?”

‘ಬ’ ಹೊಡದೆ. ಬಸವರಾಜ ಅಂತ ಬಂತು. ಅತ್ತಿ ಗಡಬಡಿಸಿ ಸೆರಗು ಸರಿ ಮಾಡ್ಕೊಂಡ್ರು. ಮದುವಿ ಒಡಪಿನಾಗ ಬಿಟ್ರ ಆ ಹೆಸರು ಅವರ ಬಾಯಿಂದ ಬಂದಿಲ್ಲ.

ಅಷ್ಟರಾಗ ಪಡಸಾಲ್ಯಾಗಿಂದ ಮಾವಾರು, “ಏ, ಕೇಳ್ತೇನ? ಚಾ ತಾ” ಅಂದ್ರು.

“ತಡೀರಿ!” ಅಂದ ಅತ್ತಿ, ನನ್ನ ಕಿವ್ಯಾಗ ಮೆಲ್ಲಕ, “ನಂದು ಹೊಡಿ ನೋಡೂಣು” ಅಂದ್ರು.

‘ಗಂ’ ಹೊಡದೆ. ‘ಗಂಗಾ’ ತನಕಾ ಹೊಡದೆ. ಎಡಿಟರ್ ಸುಮ್ಮನ ಕುಂತಿತ್ತು. ಆ ಹೆಸರು ನಾ ಒಮ್ಮೆನೂ ಬರದಿದ್ದಿಲ್ಲ.

“ಇದಕ್ಕೂ ನನ್ನ ಹೆಸರು ಗೊತ್ತಿಲ್ಲೇನು? ಹಂಗಾದ್ರ ಇದು ನಮ್ಮ ಮನೀದ ಐತಿ ಬಿಡು” ಅಂತ ಅತ್ತಿ ಚಾ ಕಾಸಾಕ ಹೋದ್ರು.